ನಿಂತು ಬದುಕುವ ಕಕ್ಕೆ, ನಡೆದು ಬದುಕುವ ಕರಡಿ

ತುಮಕೂರು ಜಿಲ್ಲೆಯ ದೇವರಾಯನದುರ್ಗ, ಸಿದ್ದರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ ಕಡೆಯ ಕುರುಚಲು ಕಾಡುಗಳಲ್ಲಿ ಫೆಬ್ರವರಿ–ಮಾರ್ಚ್ ಹೊತ್ತಿಗೆ ಬಂಡೆಯ ಮೇಲೋ ಕಾಲುದಾರಿಯ ನಡುವೆಯೋ ಕರಡಿ ಲದ್ದಿ ಬಿದ್ದಿರುತ್ತದೆ. ಕಪ್ಪಗೆ, ಸಡಿಲವಾಗಿ ರಾಶಿ ಬಿದ್ದಿರುತ್ತದೆ. ಒಣಗಿದ ಮೇಲೆ ಕಡ್ಡಿಯಿಂದ ಬಿಡಿಸಿದರೆ ಒಳಗೆ ಮಿರುಗುವ ಕಂದು ಬೀಜಗಳು ಕಾಣುತ್ತವೆ. ಚಪ್ಪಟೆ, ಅಂಡಾಕಾರ, ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಉದ್ದ. ಅವು ಕಕ್ಕೆ ಬೀಜ. ಕರಡಿಯ ಹಲ್ಲು, ಹೊಟ್ಟೆಯ ಆಮ್ಲ, ಕರುಳು ಎಲ್ಲವನ್ನೂ ದಾಟಿ ಬಂದಿದ್ದರೂ ಬಹುಪಾಲು ಬೀಜಗಳ ಮೇಲೆ ಒಂದು ಗೀರೂ ಇರುವುದಿಲ್ಲ.

ಶಾಲೆಯ ಪಠ್ಯದಲ್ಲಿ ಪ್ರಾಣಿ ಮತ್ತು ಸಸ್ಯವನ್ನು ಎರಡು ಕಾಲಂ ಮಾಡಿ ಬರೆಸುತ್ತಾರೆ. ಒಂದು ಚಲಿಸುತ್ತದೆ, ಇನ್ನೊಂದು ಚಲಿಸುವುದಿಲ್ಲ. ಒಂದಕ್ಕೆ ಕೋಶಭಿತ್ತಿ ಇಲ್ಲ, ಇನ್ನೊಂದಕ್ಕೆ ಇದೆ. ಒಂದು ಆಹಾರ ಹುಡುಕುತ್ತದೆ, ಇನ್ನೊಂದು ತಯಾರಿಸುತ್ತದೆ. ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ, ಆದರೆ ಈ ಸಾಲುಗಳು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂದು ಯಾರೂ ಹೇಳಿಕೊಡುವುದಿಲ್ಲ. ಊಟ ಎಲ್ಲಿದೆ, ಹೇಗಿದೆ ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟರೆ ಉಳಿದ ವ್ಯತ್ಯಾಸಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ. ಅದಕ್ಕೆ ನಮ್ಮ ಬಯಲುಸೀಮೆಯ ಕರಡಿ ಮತ್ತು ಕಕ್ಕೆಗಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಮೊದಲು ಇಬ್ಬರ ಗುರುತು. ಕಕ್ಕೆಗೆ ಸಸ್ಯಶಾಸ್ತ್ರದ ಹೆಸರು ಕ್ಯಾಸಿಯಾ ಫಿಸ್ಟುಲಾ; ಲಿನೇಯಸ್ 1753ರಲ್ಲಿ ಕೊಟ್ಟದ್ದು. ಆಯುರ್ವೇದದ ಆರಗ್ವಧ ಇದೇ. ಹತ್ತರಿಂದ ಹದಿನೈದು ಮೀಟರ್ ಎತ್ತರ ಹೋಗಬಲ್ಲ ಮರ. ನಮ್ಮ ಕಲ್ಲುಬೆಟ್ಟಗಳ ಮೇಲೆ ಅದರ ಅರ್ಧಕ್ಕೇ ನಿಲ್ಲುವುದು ಹೆಚ್ಚು. ಹಳದಿ ಹೂ ಕಂಡ ತಕ್ಷಣ ಕಕ್ಕೆ ಎನ್ನಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಬೀಳುಗಳಲ್ಲಿ ಎದೆಮಟ್ಟಕ್ಕೆ ಬೆಳೆದು ಹಳದಿ ಹೂ ಬಿಡುವುದು ತಂಗಡಿ. ಅದರ ಕಾಯಿ ಚಪ್ಪಟೆ. ರಸ್ತೆ ಬದಿಯಲ್ಲಿ ಹೂಗೊಂಚಲು ಮೇಲಕ್ಕೆ ನೆಟ್ಟಗೆ ನಿಂತು, ಮೊಗ್ಗು ತುಕ್ಕಿನ ಬಣ್ಣ ಇದ್ದರೆ ಅದು ಪೆಲ್ಟೋಫೋರಂ. ಕಕ್ಕೆಯ ಗೊಂಚಲು ಕೆಳಕ್ಕೆ ಜೋತುಬೀಳುತ್ತದೆ, ಕಾಯಿ ಕೋಲಿನಂತೆ ದುಂಡಗಿರುತ್ತದೆ. ಈ ಎರಡು ಗುರುತು ಸಾಕು.

ಕರಡಿ ಎಂದರೆ ಇಲ್ಲಿ ಮೆಲರ್ಸಸ್ ಅರ್ಸಿನಸ್. ಗಂಡು 80ರಿಂದ 145 ಕಿಲೋ, ಹೆಣ್ಣು 55ರಿಂದ 95 ಕಿಲೋ ತೂಗುತ್ತದೆ. ಉದ್ದ ಕೆದರಿದ ಕಪ್ಪು ಕೂದಲು, ಎದೆಯ ಮೇಲೆ ಬಿಳಿ ಗೆರೆ, ಮಸುಕು ಬಣ್ಣದ ಮೂತಿ. ಉದ್ದ ಉಗುರು, ಮುಂದೆ ಇಲ್ಲದ ಹಲ್ಲು ನೋಡಿ ಜಾರ್ಜ್ ಶಾ 1791ರಲ್ಲಿ ಇದನ್ನು ಅಮೆರಿಕದ, ಮರಕ್ಕೆ ಜೋತುಬೀಳುವ ಸ್ಲಾತ್ ಪ್ರಾಣಿಗಳ ಕುಲಕ್ಕೆ ಸೇರಿಸಿಬಿಟ್ಟಿದ್ದರು, ಆಮೇಲೆ ತಿದ್ದಲಾಯಿತು. ಮಣ್ಣಿನ ಮೇಲೆ ಹೆಜ್ಜೆ ಕಂಡರೆ ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಅವುಗಳಿಂದ ಅಷ್ಟು ಮುಂದೆ ಉಗುರಿನ ಗುರುತು. ಚಿರತೆ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ಬೆರಳೂ ನಾಲ್ಕೇ.

ಎಷ್ಟೇ ಬೇರೆ ಕಂಡರೂ ಒಳಗಿನ ಯಂತ್ರ ಬಹುಪಾಲು ಒಂದೇ. ಎರಡರ ಜೀವಕೋಶದಲ್ಲೂ ಕೋಶಕೇಂದ್ರ ಇದೆ, ಅದರೊಳಗೆ ಡಿಎನ್‌ಎ ಇದೆ, ಆ ಡಿಎನ್‌ಎ ಓದುವ ಸಂಕೇತ ಒಂದೇ, ಪ್ರೋಟೀನು ಕಟ್ಟುವ ಇಪ್ಪತ್ತು ಅಮೈನೋ ಆಮ್ಲಗಳೂ ಅವೇ. ಸಕ್ಕರೆಯನ್ನು ಉರಿಸಿ ಶಕ್ತಿ ತೆಗೆಯುವ ಮೈಟೋಕಾಂಡ್ರಿಯಾ ಎರಡರಲ್ಲೂ ಇವೆ. ಮರ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಮಾತ್ರ ಉಸಿರಾಡುತ್ತದೆ ಎನ್ನುವವರಿದ್ದಾರೆ, ಅದು ತಪ್ಪು. ಕಕ್ಕೆಯ ಎಲೆ, ಕಾಂಡ, ಬೇರು ಇಪ್ಪತ್ನಾಲ್ಕು ಗಂಟೆಯೂ ಉಸಿರಾಡುತ್ತವೆ, ಕರಡಿಯಂತೆಯೇ. ಹಗಲು ದ್ಯುತಿಸಂಶ್ಲೇಷಣೆಯ ಲೆಕ್ಕ ಅದಕ್ಕಿಂತ ಹೆಚ್ಚಾಗಿರುವುದರಿಂದ ಉಸಿರಾಟ ನಮ್ಮ ಅಳತೆಗೆ ಸಿಗುವುದಿಲ್ಲ, ಅಷ್ಟೆ. ಮರದ ಕೋಶದಲ್ಲಿ ಹೆಚ್ಚಿಗೆ ಇರುವವು ಮುಖ್ಯವಾಗಿ ಮೂರು: ಬೆಳಕು ಹಿಡಿಯುವ ಹರಿತ್ತು ಕಣ, ನೀರು ತುಂಬಿದ ದೊಡ್ಡ ರಸದಾನಿ, ಸುತ್ತ ಸೆಲ್ಯುಲೋಸಿನ ಗಟ್ಟಿ ಭಿತ್ತಿ.

ಈಗ ಊಟದ ಲೆಕ್ಕಕ್ಕೆ ಬರೋಣ. ಕಕ್ಕೆಗೆ ಬೇಕಾದದ್ದು ಬೆಳಕು, ನೀರು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು. ಈ ಅನಿಲ ಗಾಳಿಯಲ್ಲಿ ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲು ಮಾತ್ರ. ಬೆಳಕೂ ಅಷ್ಟೆ, ಎಲ್ಲ ಕಡೆ ಬೀಳುತ್ತದೆ, ಆದರೆ ತೆಳ್ಳಗೆ. ಎಲ್ಲೆಡೆ ತೆಳ್ಳಗೆ ಹರಡಿರುವ ಊಟಕ್ಕಾಗಿ ನಡೆದು ಹೋಗಿ ಪ್ರಯೋಜನವಿಲ್ಲ. ಹತ್ತು ಮಾರು ಆಚೆಯೂ ಅಷ್ಟೇ ಸಿಗುವುದು. ಅದರ ಬದಲು ಮೈಯನ್ನು ಅಗಲ ಮಾಡಬೇಕು. ಹಾಗಾಗಿ ಕಕ್ಕೆಯ ಮೈ ಎಂದರೆ ಬಹುಪಾಲು ಹೊರಮೈಯೇ: ಒಂದೊಂದು ಎಲೆಯಲ್ಲಿ ಮೂರರಿಂದ ಎಂಟು ಜೋಡಿ ಅಗಲ ಎಲೆದಳ, ನೆಲದೊಳಗೆ ಅದಕ್ಕೆ ಸರಿಸಾಟಿಯಾದ ಬೇರಿನ ಜಾಲ. ಹೀಗೆ ಹರಡಿಕೊಂಡ ಮೈ ಗಾಳಿ, ಮಳೆಗೆ ಬಾಗದೆ ನಿಲ್ಲಬೇಕಾದರೆ ಪ್ರತಿ ಕೋಶಕ್ಕೂ ಗಟ್ಟಿ ಗೋಡೆ ಬೇಕು. ಗೋಡೆ ಬಂದರೆ ಸ್ನಾಯು ಸಾಧ್ಯವಿಲ್ಲ, ಯಾಕೆಂದರೆ ಸ್ನಾಯು ಎಂದರೆ ಮೊಟಕಾಗಿ ಉದ್ದವಾಗುವ ಮೆತ್ತಗಿನ ಕೋಶ. ಪಠ್ಯದ ಎರಡು ಸಾಲು ಇಲ್ಲಿ ಒಂದಾದವು: ಕೋಶಭಿತ್ತಿ ಇರುವುದೂ ನಡೆಯದಿರುವುದೂ ಒಂದೇ ಕಾರಣದ ಎರಡು ಫಲ.

ಕರಡಿಯ ಊಟ ಇದಕ್ಕೆ ನೇರ ತಿರುಗುಮುರುಗು. ಗೆದ್ದಲ ಹುತ್ತ, ಇರುವೆ ಗೂಡು, ಜೇನುತಟ್ಟಿ, ಹಣ್ಣು ಬಿಟ್ಟ ಬಾರೆ ಗಿಡ. ಸಿಕ್ಕ ಕಡೆ ಮಂದವಾಗಿ ಸಿಗುತ್ತದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಿಲೋಮೀಟರುಗಟ್ಟಲೆ ಬಂಡೆ, ಬೋರೆ. ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಹುಡುಕಲು ಮೂಗು ಬೇಕು, ಹೋಗಲು ಕಾಲು ಬೇಕು, ಹೋದ ವರ್ಷ ಎಲ್ಲಿ ಸಿಕ್ಕಿತ್ತು ಎಂಬ ನೆನಪು ಬೇಕು, ಇವೆಲ್ಲವನ್ನೂ ಹೊಂದಿಸಲು ನರಮಂಡಲ ಬೇಕು. ಮೈ ಅಗಲವಾಗಿದ್ದರೆ ನಡೆಯಲಾಗದು. ಹಾಗಾಗಿ ಹೀರಿಕೊಳ್ಳುವ ಅಗಲವೆಲ್ಲ ಒಳಕ್ಕೆ ಮಡಚಿಕೊಂಡಿದೆ, ಕರುಳಾಗಿ, ಶ್ವಾಸಕೋಶವಾಗಿ. ಮರ ಹೊರಗೆ ಬಿಚ್ಚಿಟ್ಟದ್ದನ್ನು ಪ್ರಾಣಿ ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗುತ್ತದೆ.

ಕರಡಿಯ ಬಾಯಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕರಡಿ ಕುಲಕ್ಕೆ ಸಾಮಾನ್ಯವಾಗಿ 42 ಹಲ್ಲು. ಈ ಜಾತಿಗೆ 40. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲು ಇಲ್ಲ. ಆ ಸಂದು, ಮುಂದಕ್ಕೆ ಚಾಚಬಲ್ಲ ಉದ್ದ ತುಟಿ, ಒಳಕ್ಕೆ ಗುಳಿಬಿದ್ದ ಅಂಗುಳು ಮೂರೂ ಸೇರಿ ಒಂದು ಕೊಳವೆ ಆಗುತ್ತದೆ. ಹುತ್ತವನ್ನು ಉಗುರಿನಿಂದ ಬಗೆದು, ಮೂತಿ ತೂರಿಸಿ, ಮೊದಲು ಫೂ ಎಂದು ಧೂಳು ಊದುತ್ತದೆ, ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಗೆದ್ದಲನ್ನು ಒಳಕ್ಕೆ ಎಳೆಯುತ್ತದೆ. ರಾತ್ರಿ ಸದ್ದಿಲ್ಲದ ಹೊತ್ತಿನಲ್ಲಿ ಈ ಊದು–ಎಳೆ ಸದ್ದು ನೂರು ಮೀಟರಿಗೂ ಆಚೆ ಕೇಳುತ್ತದೆ. ಮಳೆಗಾಲ ಶುರುವಾದ ಮೇಲೆ ನೆಲ ಮೆತ್ತಗಾಗಿ ಅಗೆಯುವುದು ಸುಲಭ. ಆಗಿನ ಲದ್ದಿಯಲ್ಲಿ ಮಣ್ಣು ಮತ್ತು ಗೆದ್ದಲ ತಲೆಗಳೇ ಹೆಚ್ಚು. ಬೇಸಿಗೆಯಲ್ಲಿ ನೆಲ ಕಲ್ಲಾದಾಗ ಹಣ್ಣಿನ ಪಾಲು ಏರುತ್ತದೆ.

ಸಾರಜನಕದ ವಿಷಯದಲ್ಲಿ ಹಲವರು ಎಡವುವ ಒಂದು ಜಾಗ ಇದೆ. ಕಕ್ಕೆ ಹುರುಳಿ, ತೊಗರಿ, ಅವರೆಯ ಕುಟುಂಬಕ್ಕೇ ಸೇರಿದ್ದು. ಹಾಗಾಗಿ ಅದು ಬೇರುಗಂಟಿನಲ್ಲಿ ಸಾರಜನಕ ಕಟ್ಟಿ ಭೂಮಿಗೆ ಗೊಬ್ಬರ ಕೊಡುತ್ತದೆ ಎಂದು ಸಸಿ ನೆಡುವ ಕರಪತ್ರಗಳಲ್ಲಿ ಬರೆದುಬಿಡುತ್ತಾರೆ. ಕಕ್ಕೆಯ ಬೇರಿನಲ್ಲಿ ಆ ಗಂಟುಗಳು ಕಟ್ಟುವುದಿಲ್ಲ. ಬೇಲಿಯಂಚಿಗೆ ಗೊಬ್ಬರದ ಗಿಡ ಬೇಕಾದವರು ಗ್ಲಿರಿಸಿಡಿಯಾ, ಹೊಂಗೆ ನೆಡಲಿ. ಕಕ್ಕೆಯನ್ನು ಅದರ ಹೂವಿಗೆ, ನೆರಳಿಗೆ, ಕಾಡುಪ್ರಾಣಿಗೆ ಎಂದು ನೆಡಬೇಕು. ಕರಡಿಯ ಮಟ್ಟಿಗೆ ಸಾರಜನಕ ಎಂದರೆ ಗೆದ್ದಲು ಮತ್ತು ಇರುವೆ. ಕಾಡುಹಣ್ಣಿನಲ್ಲಿ ಸಕ್ಕರೆ ಇರುತ್ತದೆ, ಪ್ರೋಟೀನು ಕಡಿಮೆ. ಎರಡೂ ಬೇಕು.

ಬೆಳೆಯುವ ರೀತಿಯಲ್ಲೂ ಅದೇ ಕಾರಣ ಕೆಲಸ ಮಾಡುತ್ತದೆ. ಕರಡಿಮರಿಗೆ ನಾಲ್ಕು ಕಾಲು, ಎರಡು ಕಿವಿ ತಾಯಿಯ ಹೊಟ್ಟೆಯಲ್ಲೇ ನಿಗದಿ. ಪ್ರಾಯಕ್ಕೆ ಬಂದ ಮೇಲೆ ಬೆಳವಣಿಗೆ ನಿಲ್ಲುತ್ತದೆ. ಓಡಾಡುವ ಯಂತ್ರಕ್ಕೆ ಅಳತೆ ತಪ್ಪಬಾರದು. ಕಕ್ಕೆಯ ತುದಿಗಳಲ್ಲಿ ಸದಾ ಎಳೆಯದಾಗಿಯೇ ಉಳಿಯುವ ಕೋಶಗಳ ಗುಂಪು ಇದೆ. ಮರ ಬದುಕಿರುವವರೆಗೂ ಹೊಸ ಕೊಂಬೆ, ಹೊಸ ಬೇರು ಹುಟ್ಟಿಸುತ್ತಲೇ ಇರುತ್ತದೆ. ಬೆಂಕಿ ಬಿದ್ದೋ ಸೌದೆಗೆ ಕಡಿದೋ ಬುಡ ಮಾತ್ರ ಉಳಿದರೂ ಅಲ್ಲಿಂದ ಚಿಗುರು ಒಡೆಯುತ್ತದೆ. ಶತ್ರು ಬಂದಾಗ ಓಡಿಹೋಗಲಾಗದ ಜೀವಿಗೆ ಕಳೆದುಕೊಂಡದ್ದನ್ನು ಮತ್ತೆ ಬೆಳೆಸುವುದೇ ದಾರಿ. ಮಳೆ ಬಿದ್ದ ಮೇಲೆ ಎಳೆ ಎಲೆಗೆ ಹಸಿರು ಹುಳ ಮುತ್ತಿ ಬೋಳು ಮಾಡಿದರೆ ಔಷಧ ಹೊಡೆಯಬೇಡಿ. ಅದು ತಿಳಿಹಳದಿ ವಲಸೆ ಚಿಟ್ಟೆಯ ಮರಿಹುಳ, ಕಕ್ಕೆ ಅದರ ತವರುಗಿಡ. ಬೇರೂರಿದ ಮರ ಕೆಲವೇ ವಾರದಲ್ಲಿ ಮತ್ತೆ ಎಲೆ ತುಂಬಿಕೊಳ್ಳುತ್ತದೆ. ಚೀಲದಲ್ಲಿರುವ ಸಸಿಗೆ ಮಾತ್ರ ಇದು ಏಟು. ಅಲ್ಲಿ ಹುಳವನ್ನು ಕೈಯಿಂದ ಆರಿಸಿ ದೊಡ್ಡ ಮರದ ಮೇಲೆ ಬಿಟ್ಟರೆ ಆಯಿತು.

ಬೇಸಿಗೆಯೇ ಇಬ್ಬರಿಗೂ ಪರೀಕ್ಷೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಮಳೆ ಕಡಿಮೆಯ ಜಿಲ್ಲೆಗಳು. ಬೀಳುವ ಮಳೆಯೂ ಬಹುಪಾಲು ಮೇಯಿಂದ ಅಕ್ಟೋಬರ್ ಒಳಗೆ ಮುಗಿಯುತ್ತದೆ. ಕಕ್ಕೆಗೆ ನೀರು ಹೋಗುವುದು ಎಲೆಯ ಪತ್ರರಂಧ್ರದಿಂದ. ಅನಿಲ ಒಳಗೆ ಬಿಡಲು ಬಾಗಿಲು ತೆರೆದರೆ ನೀರು ಹೊರಗೆ ಹೋಗುತ್ತದೆ, ಬಾಗಿಲು ಮುಚ್ಚಿದರೆ ಊಟ ನಿಲ್ಲುತ್ತದೆ. ಫೆಬ್ರವರಿಯ ನಂತರ ನಷ್ಟವೇ ಹೆಚ್ಚಾದಾಗ ಮರ ಎಲೆಯಲ್ಲಿದ್ದ ಸಾರವನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಂಡು ಎಲೆ ಉದುರಿಸುತ್ತದೆ. ಕರಡಿಯ ಉತ್ತರ ಬಂಡೆ. ರಾಮನಗರದಿಂದ ದೇವರಾಯನದುರ್ಗ, ಮಧುಗಿರಿ ಹಾದು ಪಾವಗಡದವರೆಗೆ ಉದ್ದಕ್ಕೂ ಮಲಗಿರುವ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಸೀಳಿ, ಉರುಳಿ, ಒಂದರ ಮೇಲೊಂದು ನಿಂತ ಗುಂಡುಗಳ ನಡುವೆ ಗವಿಗಳಾಗಿವೆ. ಹೊರಗೆ ಬಂಡೆ ಕಾದು ಕಾವಲಿಯಾದಾಗಲೂ ಒಳಗೆ ತಂಪು. ಕರಡಿ ಹಗಲು ಅಲ್ಲಿ ಮಲಗಿ, ಸಂಜೆ ಬಿಸಿಲು ಇಳಿದ ಮೇಲೆ ಹೊರಡುತ್ತದೆ. ಹಿಮದ ನಾಡಿನ ಕರಡಿಗಳಂತೆ ತಿಂಗಳುಗಟ್ಟಲೆ ನಿದ್ದೆ ಹೊಡೆಯುವುದಿಲ್ಲ. ನಮ್ಮಲ್ಲಿ ಊಟವೇ ಸಿಗದ ಚಳಿಗಾಲ ಇಲ್ಲವಲ್ಲ.

ಎಲೆ ಉದುರಿದ ಬೋಳು ಕೊಂಬೆಯಲ್ಲಿ ಏಪ್ರಿಲ್–ಮೇನಲ್ಲಿ, ಭರಣಿ ಮಳೆಯ ಆಸುಪಾಸಿಗೆ, ಹೂ ಬರುತ್ತದೆ. ಒಂದು ಹೂವನ್ನು ಅಂಗೈಯಲ್ಲಿಟ್ಟು ಎಣಿಸಿ ನೋಡಿ: ಐದು ಎಸಳು, ಹತ್ತು ಕೇಸರ, ಕೇಸರಗಳಲ್ಲಿ ಮೂರು ಅಳತೆ. ಮೂರು ಕೇಸರಗಳು ಉದ್ದಕ್ಕೆ ಬಿಲ್ಲಿನಂತೆ ಬಾಗಿ ಹೂವಿನಿಂದ ಹೊರಗೆ ಚಾಚಿವೆ. ನಾಲ್ಕು ನಡುವಿನ ಅಳತೆಯವು. ಮೂರು ತೀರ ಮೊಟಕು, ಸಂತಾನದ ಕೆಲಸಕ್ಕೆ ಬಾರದವು. ಈ ಹೂವಿನಲ್ಲಿ ಮಕರಂದ ಇಲ್ಲ. ಬಡಗಿ ದುಂಬಿ ಬರುವುದು ಪರಾಗಕ್ಕೇ. ಅದು ನಡುವಿನ ನಾಲ್ಕು ಕೇಸರಗಳನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯು ನಡುಗಿಸುತ್ತದೆ, ಗುಂಯ್ ಸದ್ದಿಗೆ ಪರಾಗ ರಂಧ್ರದಿಂದ ಉದುರುತ್ತದೆ. ಅದು ದುಂಬಿಯ ಊಟ. ಅದೇ ಹೊತ್ತಿಗೆ ಉದ್ದ ಕೇಸರಗಳು ದುಂಬಿಯ ಕೈಗೆಟುಕದ ಕಡೆ ಮೈಗೆ ಇನ್ನಷ್ಟು ಪರಾಗ ಹಚ್ಚುತ್ತವೆ. ಅದು ಮುಂದಿನ ಹೂವಿಗೆ. ನಡೆಯಲಾಗದ ಗಂಡು, ನಡೆಯಲಾಗದ ಹೆಣ್ಣು, ನಡುವೆ ಕೂಲಿಗೆ ಒಂದು ದುಂಬಿ: ಹೂವೆಂಬುದರ ಬಣ್ಣ, ಆಕಾರ ಎಲ್ಲ ಈ ಏರ್ಪಾಡಿನ ಖರ್ಚು.

ಕರಡಿಗೆ ಈ ಖರ್ಚಿಲ್ಲ. ಗಂಡು ವಾಸನೆ ಹಿಡಿದು ತಾನೇ ನಡೆದು ಹೋಗುತ್ತದೆ. ಮೇಯಿಂದ ಜುಲೈ ಕೂಡುವ ಕಾಲ. ನವೆಂಬರಿನಿಂದ ಜನವರಿಯ ಒಳಗೆ ಗವಿಯಲ್ಲಿ ಒಂದೋ ಎರಡೋ ಮರಿ, ಅಪರೂಪಕ್ಕೆ ಮೂರು. ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ. ಮೂರು ವಾರದ ಮೇಲೆ ತೆರೆಯುತ್ತದೆ. ಎರಡು ಮೂರು ತಿಂಗಳಿಗೆ ಮರಿಗಳು ತಾಯಿಯ ಬೆನ್ನೇರಿ ಹೊರಬರುತ್ತವೆ. ಬೆನ್ನ ಮೇಲಿನ ಉದ್ದ ಒರಟು ಕೂದಲು ಹಿಡಿತಕ್ಕೆ. ಹೀಗೆ ಮರಿಯನ್ನು ವಾಡಿಕೆಯಾಗಿ ಬೆನ್ನ ಮೇಲೆ ಹೊತ್ತು ತಿರುಗುವ ಕರಡಿ ಜಾತಿ ಜಗತ್ತಿನಲ್ಲಿ ಇದೊಂದೇ. ಒಂದೂವರೆಯಿಂದ ಎರಡೂವರೆ ವರ್ಷ ಮರಿ ತಾಯಿಯ ಜೊತೆಗಿರುತ್ತದೆ. ಎಲ್ಲಿ ಹುತ್ತ, ಎಲ್ಲಿ ನೀರು, ಯಾವ ತಿಂಗಳು ಯಾವ ಹಣ್ಣು ಎಂಬ ಪಾಠ ಆಗಲೇ ಆಗಬೇಕು.

ಕಕ್ಕೆ ತನ್ನ ಮರಿಗೆ ಪಾಠ ಹೇಳಲಾರದು, ಬುತ್ತಿ ಮಾತ್ರ ಕಟ್ಟಿಕೊಡಬಲ್ಲದು. ಹೂಬಿಡುವ ಗಿಡಗಳಲ್ಲಿ ಪರಾಗನಾಳ ಎರಡು ಗಂಡುಕೋಶ ತರುತ್ತದೆ: ಒಂದು ಅಂಡದ ಜೊತೆ ಸೇರಿ ಭ್ರೂಣ, ಇನ್ನೊಂದು ಪಕ್ಕದ ಎರಡು ಕೇಂದ್ರಗಳ ಜೊತೆ ಸೇರಿ ಭ್ರೂಣಕ್ಕೆ ಆಹಾರ. ಈ ಜೋಡಿ ಗರ್ಭಾಂಕುರವನ್ನು ನವಾಶಿನ್ 1898ರಲ್ಲಿ ಕಂಡುಹಿಡಿದರು. ಗೀರಿದ ಕಕ್ಕೆ ಬೀಜವನ್ನು ಒಂದು ದಿನ ನೆನೆಸಿ ಸಿಪ್ಪೆ ಬಿಡಿಸಿದರೆ ಬೇಳೆಯ ಸುತ್ತ ಲೋಳೆಯಂಥ ಪದರ ಕೈಗೆ ಅಂಟುತ್ತದೆ. ಅದೇ ಆ ಆಹಾರ. ಕರಡಿಯ ಹಾಲು ಮಾಡುವ ಕೆಲಸವನ್ನು ಇದು ಮಾಡುತ್ತದೆ. ಆದರೆ ಹಾಲು ಬೇಕಾದಷ್ಟು ದಿನ ಬರುತ್ತದೆ, ಬುತ್ತಿ ಒಂದೇ ಸಲ. ಆದ್ದರಿಂದ ಮರ ಎಣಿಕೆ ಹೆಚ್ಚಿಸುತ್ತದೆ. ಒಂದು ಕಾಯಿಯಲ್ಲಿ ನಲವತ್ತರಿಂದ ನೂರು ಬೀಜ, ಒಂದು ಮರದಲ್ಲಿ ನೂರಾರು ಕಾಯಿ. ಇವುಗಳಲ್ಲಿ ಮರವಾಗಿ ನಿಲ್ಲುವುದು ಎಷ್ಟೋ ವರ್ಷಕ್ಕೆ ಒಂದು.

ಆ ಕಾಯಿಯ ಕಥೆಯೇ ಈ ಜೋಡಿಯ ಹೂರಣ. ಮೇನಲ್ಲಿ ಕಟ್ಟಿದ ಕಾಯಿ ಹಣ್ಣಾಗಲು ಮುಂದಿನ ಡಿಸೆಂಬರ್–ಮಾರ್ಚ್ ಬೇಕು. 30ರಿಂದ 60 ಸೆಂಟಿಮೀಟರ್ ಉದ್ದ, ಹೆಬ್ಬೆರಳ ದಪ್ಪ. ಒಡೆದರೆ ಒಳಗೆ ತೆಳು ಅಡ್ಡಗೋಡೆಗಳು, ಒಂದೊಂದು ಗೋಡೆಯ ನಡುವೆ ಒಂದೊಂದು ಬೀಜ, ಗೋಡೆಗೆ ಅಂಟಿದ ಕಪ್ಪು ಸಿಹಿ ಅಂಟು. ನಾಟಿವೈದ್ಯದಲ್ಲಿ ಭೇದಿಯಾಗಲೆಂದು ಕೊಡುವುದು ಈ ಅಂಟನ್ನೇ; ಇದರಲ್ಲಿರುವ ಆಂಥ್ರಾಕ್ವಿನೋನ್ ಜಾತಿಯ ರಾಸಾಯನಿಕಗಳು ದೊಡ್ಡ ಕರುಳನ್ನು ಕೆರಳಿಸುತ್ತವೆ. ಅಳತೆ ಗೊತ್ತಿಲ್ಲದೆ ಮಕ್ಕಳು ತಿನ್ನಬಾರದು.

ಹುರುಳಿ, ತೊಗರಿಯ ಕಾಯಿ ಒಣಗಿದರೆ ಸಿಡಿಯುತ್ತದೆ. ಕಕ್ಕೆಯದು ಸಿಡಿಯುವುದಿಲ್ಲ. ತಾನಾಗಿ ಬಿದ್ದರೆ ತಾಯಿಮರದ ಬುಡದಲ್ಲೇ ಬೀಳುತ್ತದೆ, ನೆರಳಿನಲ್ಲಿ, ತಾಯಿಯ ಬೇರಿನ ಪೈಪೋಟಿಯಲ್ಲಿ. ಅದಕ್ಕಿಂತ ಕೆಟ್ಟದ್ದು ಬುರುಕು ಹುಳ. ಕ್ಯಾರಿಡಾನ್ ಸೆರಾಟಸ್ ಎಂಬ ಕಂದು ಜೀರುಂಡೆ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಮರಿಹುಳ ಕೊರೆದು ಒಳಗಿನ ಬೀಜ ತಿನ್ನುತ್ತದೆ, ಹೊರಬರುವಾಗ ದುಂಡನೆಯ ತೂತು ಬಿಡುತ್ತದೆ. ಪಾವಗಡ, ಶಿರಾ, ಮಧುಗಿರಿಯ ರೈತರಿಗೆ ಈ ಹುಳ ಹೊಸದಲ್ಲ: ಗೋಣಿಯಲ್ಲಿಟ್ಟ ಕಡಲೆಕಾಯಿಗೆ, ಹುಣಸೆಬೀಜಕ್ಕೆ ಬೀಳುವುದೂ ಇದೇ. ಹಾಗಾಗಿ ಬಿತ್ತನೆಗೆಂದು ತಂದ ಕಕ್ಕೆ ಕಾಯನ್ನು ಕಡಲೆಕಾಯಿ ಇಟ್ಟ ಕೋಣೆಯಲ್ಲಿ ಇಡಲೇಬಾರದು.

ಕಾಯಿ ಒಡೆಯಬೇಕು, ಅಂಟಿನಿಂದ ಬೀಜ ಬಿಡುಗಡೆ ಆಗಬೇಕು, ಮರದಿಂದ ದೂರ ಹೋಗಬೇಕು. ಈ ಮೂರನ್ನೂ ಮರ ತಾನು ಮಾಡಲಾರದು. ಕೋತಿ, ನರಿ, ಹಂದಿ ಕಾಯಿ ಕಚ್ಚಿ ಒಡೆಯುತ್ತವೆ. ಕೋತಿ ಮರದಡಿಯಲ್ಲೇ ಚೆಲ್ಲುವುದು ಹೆಚ್ಚು. ಕರಡಿ ಅಂಟು, ಬೀಜ ಎಲ್ಲ ಸೇರಿಸಿ ನುಂಗುತ್ತದೆ. ಅದರ ಹೊಟ್ಟೆ ಮೂಲತಃ ಮಾಂಸಾಹಾರಿ ವಂಶದ್ದು. ಕರುಳು ಸರಳ, ಸೊಪ್ಪು ಕೊಳೆಸಿ ಅರಗಿಸುವ ಅಂಧಕರುಳಿನ ಚೀಲ ಇಲ್ಲ. ತಿಂದದ್ದು ಕೆಲವು ಗಂಟೆಗಳಲ್ಲಿ ಸಾಗಿಹೋಗುತ್ತದೆ, ಗಟ್ಟಿ ಬೀಜ ಅರಗುವಷ್ಟು ಸಮಯವೇ ಸಿಗುವುದಿಲ್ಲ. ಅಷ್ಟರಲ್ಲಿ ಕರಡಿ ಇನ್ನೊಂದು ಬೆಟ್ಟದ ಬುಡದಲ್ಲಿರುತ್ತದೆ. ಅಂಟು ಹೋದ ಬೀಜಕ್ಕೆ ಬೂಷ್ಟು ಹಿಡಿಯುವುದು ಕಡಿಮೆ, ಕೆಲವು ಬೀಜಗಳ ಸಿಪ್ಪೆ ಅಲ್ಪಸ್ವಲ್ಪ ಸವೆದಿರುತ್ತದೆ, ಸುತ್ತ ಗೊಬ್ಬರ ಇರುತ್ತದೆ. ನಡೆಯದ ಜೀವಿ ನಡೆಯುವ ಜೀವಿಯ ಕಾಲನ್ನು ಸಿಹಿ ಕೊಟ್ಟು ಬಾಡಿಗೆಗೆ ಪಡೆದಿದೆ. ಕರಡಿಗೂ ಇದು ಗಿಟ್ಟುವ ವ್ಯಾಪಾರವೇ. ಬಾರೆ, ಸೀತಾಫಲ ಮುಗಿದು, ಹಲಸು ಮಾವು ಇನ್ನೂ ಬಾರದ, ನೆಲ ಗಟ್ಟಿಯಾಗಿ ಹುತ್ತ ಬಗೆಯಲಾಗದ ತಿಂಗಳುಗಳಲ್ಲಿ ಮರದಲ್ಲಿ ತೂಗುತ್ತಿರುವ ಸಿಹಿ ಇದು.

ಬೀಜದ ಸಿಪ್ಪೆ ಅಷ್ಟು ಗಟ್ಟಿ ಯಾಕೆ ಎಂಬುದು ನರ್ಸರಿ ಮಾಡುವವರಿಗೆ ತಿಳಿದಿರಬೇಕು. ಹೊರಪದರದಲ್ಲಿ ಉದ್ದುದ್ದ ಕೋಶಗಳು ಒತ್ತೊತ್ತಾಗಿ ನಿಂತಿವೆ, ಮೇಲೆ ಮೇಣದ ಲೇಪ. ನೀರು ಒಳಗೆ ಇಳಿಯುವುದೇ ಇಲ್ಲ. ಹಾಗೇ ಬಿತ್ತಿದರೆ ಕೆಲವು ಮೊಳೆಯುತ್ತವೆ, ಉಳಿದವು ವರ್ಷಗಟ್ಟಲೆ ಮಣ್ಣಿನಲ್ಲಿ ಕಲ್ಲಿನಂತೆ ಕೂರುತ್ತವೆ. ಬೀಜ ಪೊಳ್ಳು ಎಂದು ಚೀಲ ಸುರಿಯುವವರು ಇಲ್ಲೇ ಮೋಸಹೋಗುವುದು.

ಮಾಡುವ ಕ್ರಮ ಹೀಗೆ. ಜನವರಿ–ಫೆಬ್ರವರಿಯಲ್ಲಿ ರಸ್ತೆಬದಿ, ತೋಟದ ಮರಗಳಿಂದ ಪೂರ್ತಿ ಕಪ್ಪಾದ, ತೂತಿಲ್ಲದ ಕಾಯಿ ಆರಿಸಿ. ಮೀಸಲು ಅರಣ್ಯದಿಂದ ಕೀಳುವುದು ಬೇಡ, ಅದಕ್ಕೆ ಕಾನೂನಿನ ತಡೆಯೂ ಇದೆ, ಪ್ರಾಣಿಯ ಊಟವೂ ಅದು. ಒಡೆದು, ಒಂದು ರಾತ್ರಿ ನೀರಲ್ಲಿ ಹಾಕಿ, ಅಂಟು ತೊಳೆದು ನೆರಳಲ್ಲಿ ಒಣಗಿಸಿ. ಅಂಟು ಉಳಿದರೆ ಇರುವೆ ಬರುತ್ತದೆ, ಬೂಷ್ಟು ಬರುತ್ತದೆ. ನೀರಲ್ಲಿ ತೇಲುವ ಬೀಜ ಬಿಸಾಡಿ. ಒಂದು ಕಾಯಿಯಲ್ಲಿ ನಲವತ್ತರಿಂದ ನೂರು ಬೀಜ ಇರುವುದರಿಂದ ನೂರು ಸಸಿ ಬೇಕಾದವರಿಗೆ ನಾಲ್ಕೈದು ಕಾಯಿ ಸಾಕು. ಬೀಜದ ಚೂಪಾದ ತುದಿಯಲ್ಲಿ ಮೊಳಕೆಯ ಬೇರು ಇರುತ್ತದೆ. ಅದನ್ನು ಬಿಟ್ಟು ಅಗಲ ತುದಿಯ ಅಂಚನ್ನು ನೈಲ್ ಕಟರಿನಿಂದ ಕೂದಲೆಳೆಯಷ್ಟು ಕತ್ತರಿಸಿ, ಅಥವಾ ಮರಳು ಕಾಗದದ ಮೇಲೆ ಬಿಳಿ ಕಾಣುವವರೆಗೆ ಉಜ್ಜಿ. ಇಡೀ ದಿನ ನೆನೆಸಿ. ಉಬ್ಬಿದ ಬೀಜ ಮಾತ್ರ ಬಿತ್ತಿ. ಉಬ್ಬದವನ್ನು ಮತ್ತೆ ಗೀರಿ ನೆನೆಸಿ. ಬಿಸಿನೀರಿನ ವಿಧಾನದಲ್ಲಿ ಫಲ ಒಂದೇ ಸಮ ಬರುವುದಿಲ್ಲ. ಮಾಡಲೇಬೇಕಾದರೆ ಕುದಿಸಿದ ನೀರನ್ನು ಒಲೆಯಿಂದ ಇಳಿಸಿದ ಮೇಲೆ ಬೀಜ ಹಾಕಬೇಕು. ಒಲೆ ಮೇಲಿಟ್ಟು ಕುದಿಸಿದರೆ ಭ್ರೂಣ ಬೆಂದುಹೋಗುತ್ತದೆ. ಗಂಧಕಾಮ್ಲದ ಉಪಚಾರ ಪ್ರಯೋಗಶಾಲೆಗೆ ಸರಿ, ಮನೆಯಂಗಳಕ್ಕೆ ಅಲ್ಲ.

ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿದ ಚೀಲದಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಒಂದರಿಂದ ಮೂರು ವಾರದಲ್ಲಿ ಮೊಳಕೆ. ತಾಯಿಬೇರು ಬೇಗ ಇಳಿಯುತ್ತದೆ. ಸಣ್ಣ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ತಳದಲ್ಲಿ ಸುತ್ತಿಕೊಂಡು, ನೆಟ್ಟ ಮೇಲೂ ಬಿಚ್ಚಿಕೊಳ್ಳದೆ, ಮೂರ್ನಾಲ್ಕು ವರ್ಷದ ಮರ ಗಾಳಿಗೆ ಬೀಳುತ್ತದೆ. ಮಳೆ ಹಿಡಿದ ಮೇಲೆ ಜೂನ್–ಜುಲೈನಲ್ಲಿ ಒಂದೂವರೆ ಅಡಿ ಗುಂಡಿಗೆ ನೆಡುವುದು ವಾಸಿ.

ಇಷ್ಟು ಹೇಳಿ ಕರಡಿಯ ಅಪಾಯ ಹೇಳದಿದ್ದರೆ ತಪ್ಪಾಗುತ್ತದೆ. ಸೌದೆಗೆ, ದನ ಕಾಯಲು, ಕಡಲೆಕಾಯಿ ಹೊಲ ಕಾಯಲು ಹೋದವರ ಮೇಲೆ ಬೀಳುವ ಕರಡಿ ಮನುಷ್ಯನನ್ನು ತಿನ್ನಲು ಬಂದದ್ದಲ್ಲ. ಅದರ ಕಣ್ಣು ಮಂದ, ತಿನ್ನುವಾಗ ತನ್ನದೇ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ. ಎದುರಾಎದುರು ಹತ್ತಿರ ಬಂದಾಗ ಬೆಚ್ಚಿ ಎರಗುತ್ತದೆ. ಹುಲಿ, ಚಿರತೆಯ ಜೊತೆ ಬಯಲು ಕಾಡಿನಲ್ಲಿ ಬೆಳೆದ ಜಾತಿ. ಮರಿ ಬೆನ್ನ ಮೇಲಿರುವ ತಾಯಿಗೆ ಓಡುವುದಕ್ಕಿಂತ ನಿಂತು ಹೊಡೆಯುವುದೇ ಉಳಿಯುವ ದಾರಿಯಾಗಿತ್ತು. ಮುಂಜಾವ, ಮುಸ್ಸಂಜೆ ಒಬ್ಬರೇ ಬೆಟ್ಟಕ್ಕೆ ಹೋಗಬೇಡಿ. ಮಾತಾಡುತ್ತಾ, ಕೋಲು ಬಡಿಯುತ್ತಾ ಹೋಗಿ, ಅದಕ್ಕೆ ಸರಿದುಹೋಗಲು ಸಮಯ ಸಿಗಲಿ. ಗವಿಯೊಳಕ್ಕೆ ಇಣುಕಬೇಡಿ. ದೂರದಲ್ಲಿ ಕಂಡರೆ ಓಡದೆ ಹಿಂದೆ ಹಿಂದೆ ಸರಿಯಿರಿ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿ, ಮುಖ ನೆಲಕ್ಕೆ ಒತ್ತಿಕೊಳ್ಳಿ. ಹೆಚ್ಚಿನ ಗಾಯ ಮುಖ, ತಲೆಗೇ ಆಗುವುದು. ಗಾಯವನ್ನು ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ಹುಚ್ಚುನಾಯಿ ರೋಗದ ಲಸಿಕೆ ಮತ್ತು ಇಮ್ಯುನೋಗ್ಲೋಬ್ಯುಲಿನ್ ಬಗ್ಗೆ ಕೇಳಿ. ನಾಯಿ ಕಚ್ಚಿದರೆ ಮಾತ್ರ ಅದು ಬೇಕು ಎಂಬ ತಿಳಿವಳಿಕೆ ತಪ್ಪು, ಯಾವ ಕಾಡುಪ್ರಾಣಿಯ ಕಡಿತಕ್ಕೂ ಬೇಕು.

ಕರಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಬಂಡೆಗೆ ಅಂಥ ರಕ್ಷಣೆ ಇಲ್ಲ. ಕಲ್ಲುಗಣಿಗೆ ಒಂದು ಗುಡ್ಡ ಹೋದರೆ ಗವಿಯೂ ಹೋಗುತ್ತದೆ, ಬಂಡೆಸಂದಿನಲ್ಲಿ ಕಕ್ಕೆ ಬೇರಿಳಿಸುವ ಮಣ್ಣೂ ಹೋಗುತ್ತದೆ. ಪ್ರತಿ ಬೇಸಿಗೆ ಬೆಟ್ಟಕ್ಕೆ ಬೆಂಕಿ ಇಟ್ಟರೆ ದೊಡ್ಡ ಮರ ಬುಡದಿಂದ ಚಿಗುರುತ್ತದೆ, ಎರಡೆಲೆಯ ಸಸಿ ಸುಟ್ಟುಹೋಗುತ್ತದೆ. ಹತ್ತು ವರ್ಷ ಹೀಗೆ ನಡೆದರೆ ಆ ಬೆಟ್ಟದಲ್ಲಿ ಮುದಿ ಕಕ್ಕೆ ಮಾತ್ರ ಉಳಿಯುತ್ತವೆ, ಎಳೆಯದು ಒಂದೂ ಇರುವುದಿಲ್ಲ. ತುಮಕೂರಿನ ಬಡಾವಣೆಗಳಲ್ಲಿ, ನಂದಿಬೆಟ್ಟದ ರಸ್ತೆಗಳಲ್ಲಿ ನೆಟ್ಟ ಕಕ್ಕೆ ಕಣ್ಣಿಗೆ ಹಬ್ಬ, ದುಂಬಿಗೆ ಊಟ. ಆದರೆ ಅದರ ಕಾಯಿ ಡಾಂಬರಿನ ಮೇಲೆ ಬಿದ್ದು ಕಸದ ಗಾಡಿಗೆ ಹೋಗುತ್ತದೆ.

ಊರೊಟ್ಟಿನ ಅರಣ್ಯ ಸಮಿತಿಯೋ ಶಾಲೆಯೋ ಸಸಿ ನೆಡಲು ಹೊರಟರೆ ಜಾಗ ಆರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕರಡಿ ಓಡಾಡುವ ಬೆಟ್ಟದ ಪಕ್ಕದ ಹಳ್ಳಿಗಳಲ್ಲಿ ಮನೆಗೆ, ಶಾಲೆಗೆ, ಮಕ್ಕಳು ನಡೆಯುವ ದಾರಿಗೆ ತಾಗಿ ಕಕ್ಕೆ, ಬಾರೆ, ಹಲಸು ನೆಡಬಾರದು. ಹಣ್ಣು ಕರಡಿಯನ್ನು ಅಂಗಳಕ್ಕೇ ಕರೆತರುತ್ತದೆ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಬೆಟ್ಟದ ಒಳಮೈಗೆ, ಹಳ್ಳಿಯಿಂದ ದೂರ, ಬಂಡೆ ನೀರು ಇಳಿದು ಮಣ್ಣು ನಿಂತ ಇಳುಕಲಿನಲ್ಲಿ ನೆಡಬೇಕು. ಐದು ಮೀಟರ್ ಅಂತರ, ಸುತ್ತ ಮೂರು ಅಡಿ ಹುಲ್ಲು ಕೆತ್ತಿದ ಬೆಂಕಿಗೆರೆ, ಮೊದಲ ಎರಡು ಬೇಸಿಗೆ ಆ ಗೆರೆಯನ್ನು ಜನವರಿ ಮುಗಿಯುವ ಮೊದಲೇ ಮತ್ತೆ ಕೆತ್ತುವ ಕೆಲಸ. ಐದಾರು ವರ್ಷಕ್ಕೆ ಮೊದಲ ಹೂ, ಅದರ ಮುಂದಿನ ಬೇಸಿಗೆಗೆ ಕಾಯಿ.